ಹೂವು ಮೂರು ವಾರ, ಗಿಡ ನೂರು ವರ್ಷ: ರೋಡೊಡೆಂಡ್ರಾನಿನಲ್ಲಿ ಅಂಥದ್ದೇನಿದೆ?

ಹೊಸಚಿಗುರು:

ಗುಲಾಬಿ, ಕ್ಯಾಮೆಲಿಯ, ಹೈಡ್ರೇಂಜಿಯ ಬೆಳೆಸಿ ಅಭ್ಯಾಸವಿರುವವಳು ನಾನು. ತೋಟದ ಮಾತು ಎಲ್ಲೇ ಶುರುವಾಗಲಿ, ಅನುಭವಸ್ಥರು ಕೊನೆಗೆ ಬೆಟ್ಟಸೀಮೆಯ ಹೂಗಿಡವಾದ ರೋಡೊಡೆಂಡ್ರಾನಿಗೇ ಬಂದು ನಿಲ್ಲುವುದನ್ನು ಗಮನಿಸಿದ್ದೇನೆ. ಹೂ ಬಿಟ್ಟಾಗ ಅದರ ಅಂದದ ಬಗ್ಗೆ ಎರಡು ಮಾತಿಲ್ಲ. ಆದರೆ ಒಂದು ಗಿಡದ ಹೂವು ಹೆಚ್ಚೆಂದರೆ ಎರಡು ಮೂರು ವಾರ. ಗುಲಾಬಿ ತಿಂಗಳುಗಟ್ಟಲೆ ಹೂ ಕೊಡುತ್ತದೆ, ಮಣ್ಣಿನ ವಿಷಯದಲ್ಲಿ ಇಷ್ಟು ಹಟವನ್ನೂ ಮಾಡುವುದಿಲ್ಲ. ಹಾಗಿದ್ದೂ ಜನ ಈ ಗಿಡಕ್ಕಾಗಿ ಬೆಟ್ಟ ಹತ್ತಿದ್ದು, ಆಸ್ತಿ ಸುರಿದದ್ದು, ಜೀವ ಪಣಕ್ಕಿಟ್ಟದ್ದು ಯಾಕೆ? ಕಾಡಿನಿಂದ ತೋಟಕ್ಕೆ ಇದು ಬಂದ ಕತೆ ಏನು? ಅಜೇಲಿಯ ಬೇರೆ ಗಿಡವೋ, ಇದೇ ಕುಲವೋ? ನೆಡುವುದಾದರೆ ಮೂಲ ಪ್ರಭೇದ ನೆಡಬೇಕೋ, ಸಂಕರ ತಳಿಯೋ? ತಿಳಿದವರು ಬಿಡಿಸಿ ಬರೆಯಿರಿ. ಎಷ್ಟು ಉದ್ದವಾದರೂ ಓದುತ್ತೇನೆ.

ಹಳೆಹೊತ್ತಿಗೆ:

ಕತೆಯಿಂದಲೇ ಶುರು ಮಾಡುತ್ತೇನೆ, ನನಗೆ ಗೊತ್ತಿರುವುದು ಅದೇ.

ಯುರೋಪಿನ ತೋಟಗಳಿಗೆ ಮೊದಲು ಬಂದದ್ದು ಹಿಮಾಲಯದ ದೊಡ್ಡ ಮರವಲ್ಲ. ಆಲ್ಪ್ಸ್ ಪರ್ವತದ ಮೊಣಕಾಲೆತ್ತರದ ಪುಟ್ಟ ಪೊದೆ, ರೋಡೊಡೆಂಡ್ರಾನ್ ಹಿರ್ಸುಟಮ್. 1656ರ ಹೊತ್ತಿಗೆ ಕಿರಿಯ ಜಾನ್ ಟ್ರೇಡ್‌ಸ್ಕಾಂಟ್ ಲಂಡನ್ನಿನ ತನ್ನ ತೋಟದಲ್ಲಿ ಅದನ್ನು ಬೆಳೆಸುತ್ತಿದ್ದ. ಆಮೇಲೆ ಬಹಳ ಕಾಲ ಹೆಚ್ಚೇನೂ ನಡೆಯಲಿಲ್ಲ. 18ನೇ ಶತಮಾನದಲ್ಲಿ ಉತ್ತರ ಅಮೆರಿಕದ ಕಾಡುಗಳಿಂದ ಪೆಟ್ಟಿಗೆಗಳು ಬರತೊಡಗಿದವು. ಫಿಲಡೆಲ್ಫಿಯದ ಜಾನ್ ಬಾರ್ಟ್ರಮ್ ಬೀಜ, ಸಸಿ ಕಳಿಸುವುದು. ಲಂಡನ್ನಿನ ಬಟ್ಟೆ ವ್ಯಾಪಾರಿ ಪೀಟರ್ ಕಾಲಿನ್ಸನ್ ಅವನ್ನು ತರಿಸಿಕೊಂಡು ಆಸಕ್ತರಿಗೆ ಹಂಚುವುದು. ಮ್ಯಾಕ್ಸಿಮಮ್ ಎಂಬ ದೊಡ್ಡ ಪೊದೆ ಬಂದದ್ದು ಆ ಕಾಲದಲ್ಲೇ. 1763ರಲ್ಲಿ ಸ್ಪೇನ್ ಕಡೆಯಿಂದ ನೇರಳೆ ಹೂವಿನ ಪಾಂಟಿಕಮ್ ಬಂತು. 1809ರಲ್ಲಿ ಜಾನ್ ಫ್ರೇಸರ್ ಅಪಲೇಶಿಯನ್ ಬೆಟ್ಟಗಳಿಂದ ಕಟಾವ್ಬಿಯೆನ್ಸ್ ತಂದ. ಕೊನೆಯದು ಹೂವಿನಲ್ಲಿ ಅಂಥ ವಿಶೇಷದ್ದಲ್ಲ, ಆದರೆ ಎಂಥ ಹಿಮಕ್ಕೂ ಜಗ್ಗದ ಗಿಡ. ಮುಂದಿನ ನೂರು ವರ್ಷದ ತಳಿ ಅಭಿವೃದ್ಧಿಗೆ ಅದೇ ಬೆನ್ನೆಲುಬಾಯಿತು.

ಈ ನಿತ್ಯಹಸಿರು ಜಾತಿಗಳ ಬಣ್ಣಗಳೆಲ್ಲ ಮಾಸಲು ನೇರಳೆ, ತಿಳಿಗುಲಾಬಿ, ಬಿಳಿ. ರಕ್ತಗೆಂಪು ಇರಲಿಲ್ಲ. ಅದು ಬಂದದ್ದು ಅರ್ಬೋರಿಯಮ್ ಎಂಬ ಹಿಮಾಲಯದ ಮರದಿಂದ. ಕ್ಯಾಪ್ಟನ್ ಹಾರ್ಡ್‌ವಿಕ್ 1796ರಲ್ಲಿ ಶಿವಾಲಿಕ್ ಬೆಟ್ಟಗಳಲ್ಲಿ ಅದನ್ನು ಕಂಡು ದಾಖಲಿಸಿದ್ದ. ಅದರ ಬೀಜ ಧೂಳಿನಷ್ಟು ಸಣ್ಣದು. ಹಡಗಿನ ತಿಂಗಳುಗಟ್ಟಲೆಯ ಪ್ರಯಾಣದಲ್ಲಿ ಸತ್ತುಹೋಗುತ್ತಿತ್ತು. ಕಲ್ಕತ್ತದ ಸಸ್ಯೋದ್ಯಾನದ ನಥಾನಿಯಲ್ ವಾಲಿಚ್ ಬೀಜವನ್ನು ಕಂದು ಸಕ್ಕರೆಯಲ್ಲಿ ಹುದುಗಿಸಿ ತವರದ ಡಬ್ಬಿಯಲ್ಲಿ ಕಳಿಸಿದ. ಅದು ಜೀವಂತವಾಗಿ ತಲುಪಿ ಮೊಳೆಯಿತು. 1825ರಲ್ಲಿ ಹ್ಯಾಂಪ್‌ಶೈರಿನ ಒಂದು ತೋಟದಲ್ಲಿ ಬ್ರಿಟನ್ನಿನ ಮೊದಲ ಅರ್ಬೋರಿಯಮ್ ಹೂ ಅರಳಿತು.

ತೊಡಕು ಇದ್ದದ್ದು ಇಲ್ಲಿ: ಅರ್ಬೋರಿಯಮ್ ಬೇಗ ಹೂ ಬಿಡುತ್ತದೆ, ಅಲ್ಲಿ ಆಗಿನ್ನೂ ಇಬ್ಬನಿ ಹೆಪ್ಪುಗಟ್ಟುವ ಕಾಲ. ಒಂದೇ ರಾತ್ರಿಗೆ ಇಡೀ ಮರದ ಹೂ ಕಂದಾಗಿ ಹೋಗುತ್ತಿತ್ತು. ಹಾಗಾಗಿ ಅದರ ಕೆಂಪನ್ನು ಗಟ್ಟಿ ಗಿಡಗಳಿಗೆ ದಾಟಿಸುವ ಯೋಚನೆ ಹುಟ್ಟಿತು. ಇಂಗ್ಲೆಂಡಿನ ಹೈಕ್ಲೇರ್ ತೋಟದಲ್ಲಿ 1826ರಲ್ಲಿ, ಪಾಂಟಿಕಮ್ ಮತ್ತು ಕಟಾವ್ಬಿಯೆನ್ಸ್ ಕೂಡಿ ಹುಟ್ಟಿದ ಗಿಡವನ್ನು ಅರ್ಬೋರಿಯಮ್ ಜತೆ ಸಂಕರ ಮಾಡಿದರು. ಆಲ್ಟಾಕ್ಲೆರೆನ್ಸ್ ಎಂದು ಅದಕ್ಕೆ ಹೆಸರು. ಮೂರು ಭೂಖಂಡದ ಗಿಡಗಳು ಒಂದು ಬೀಜದಲ್ಲಿ ಸೇರಿದ್ದು ಹೀಗೆ.

ಬಣ್ಣದಬುಟ್ಟಿ:

ಚೆನ್ನಾಗಿ ಬರೆದಿದ್ದೀರಿ ಹಳೆಹೊತ್ತಿಗೆಯವರೇ. ಆದರೆ ಕತೆ ಲಂಡನ್ನಿನಿಂದ ಶುರುವಾಗಬೇಕಾಗಿಲ್ಲ. ಈ ಕುಲವನ್ನು ಹೂತೋಟದ ಗಿಡವಾಗಿ ಪ್ರೀತಿಸಿದವರಲ್ಲಿ ಪೂರ್ವದವರು ಬಹಳ ಮುಂದಿದ್ದರು. ಟಾಂಗ್ ರಾಜವಂಶದ ಕಾಲದ ಚೀನಾದಲ್ಲೇ, ಅಂದರೆ ಸಾವಿರದ ಇನ್ನೂರು ವರ್ಷಗಳ ಹಿಂದೆ, ಬಾಯ್ ಜೂಯಿ ಎಂಬ ಕವಿ ಬೆಟ್ಟದ ಅಜೇಲಿಯಗಳನ್ನು ಕಿತ್ತು ತಂದು ನೆಟ್ಟು, ಅವುಗಳ ಮೇಲೆ ಪದ್ಯ ಬರೆದಿದ್ದಾನೆ. ಜಪಾನಿನಲ್ಲಿ ಎದೊ ನಗರದ ನರ್ಸರಿಯವನಾದ ಇತೊ ಇಹೇ 1692ರಲ್ಲಿ ಅಜೇಲಿಯಗಳಿಗಾಗಿಯೇ ಒಂದು ಗ್ರಂಥ ಪ್ರಕಟಿಸಿದ. ಅದರಲ್ಲಿ 300ಕ್ಕೂ ಹೆಚ್ಚು ಬಗೆಗಳ ವಿವರಣೆ ಇದೆ. ಆ ಹೊತ್ತಿಗೆ ಇಂಗ್ಲೆಂಡಿನವರ ಕೈಯಲ್ಲಿದ್ದದ್ದು ಬೆರಳೆಣಿಕೆಯ ಪೊದೆಗಳು! ಕುರುಮೆ ಎಂಬ ಊರಿನಲ್ಲಿ ಬೆಳೆಸಿದ ಪುಟ್ಟ ಎಲೆಯ ಅಜೇಲಿಯಗಳು ಅರಳಿದರೆ ಎಲೆ ಕಾಣುವುದೇ ಇಲ್ಲ. 1918ರಲ್ಲಿ ಅಮೆರಿಕದ ಅರ್ನಾಲ್ಡ್ ಅರ್ಬೊರೇಟಮ್ ಎಂಬ ಸಸ್ಯೋದ್ಯಾನದ ಅರ್ನೆಸ್ಟ್ ವಿಲ್ಸನ್ ಅಲ್ಲಿಗೆ ಹೋಗಿ ಐವತ್ತು ಬಗೆಗಳನ್ನು ಆರಿಸಿ ಅಮೆರಿಕಕ್ಕೆ ಕಳಿಸಿದ. ಇವತ್ತಿಗೂ ಅವನ್ನು ‘ವಿಲ್ಸನ್ ಐವತ್ತು’ ಅಂತಲೇ ಕರೆಯುತ್ತಾರೆ.

ಹೊಸಚಿಗುರು ಅವರ ಪ್ರಶ್ನೆಗೆ: ಅಜೇಲಿಯ ಇದೇ ಕುಲ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಕೇಸರಗಳನ್ನು ಎಣಿಸಿ, ಐದಿದ್ದರೆ ಅಜೇಲಿಯ, ಹತ್ತಿದ್ದರೆ ರೋಡೊಡೆಂಡ್ರಾನ್ ಎಂದು ಎರಡು ಕುಲ ಮಾಡಿದ್ದ. ಹೊಸ ಹೊಸ ಗಿಡಗಳು ಬಂದ ಹಾಗೆಲ್ಲ ಆ ಗೆರೆ ನಿಲ್ಲಲಿಲ್ಲ, 19ನೇ ಶತಮಾನದಲ್ಲಿ ಎರಡನ್ನೂ ಸೇರಿಸಿದರು. ತೋಟದವರ ಬಾಯಲ್ಲಿ ಮಾತ್ರ ಹಳೇ ಹೆಸರು ಉಳಿದಿದೆ. ಎಲೆ ಉದುರಿಸುವ ಅಜೇಲಿಯಗಳು ಹಳದಿ, ಕಿತ್ತಳೆ ಬಣ್ಣದ ಗಣಿ. 1820ರ ಸುಮಾರಿಗೆ ಬೆಲ್ಜಿಯಮ್ಮಿನ ಗೆಂಟ್ ಊರಿನ ಮಾರ್ಟಿಯೆ ಎಂಬ ಬ್ರೆಡ್ ಮಾಡುವವನು ಅಮೆರಿಕದ ಅಜೇಲಿಯಗಳನ್ನೂ ಕಪ್ಪುಸಮುದ್ರದ ಕಡೆಯ ಹಳದಿ ಅಜೇಲಿಯವನ್ನೂ ಬೆರೆಸಿ ಗೆಂಟ್ ಅಜೇಲಿಯಗಳನ್ನು ಶುರು ಮಾಡಿದ. ದೊಡ್ಡ ಎಸ್ಟೇಟು, ದೊಡ್ಡ ಹೆಸರು ಯಾವುದೂ ಇಲ್ಲದವನು. ಅದಕ್ಕೇ ಅವನ ಮೇಲೆ ನನಗೆ ವಿಶೇಷ ಅಭಿಮಾನ.

ಹಳೆಹೊತ್ತಿಗೆ:

ಒಪ್ಪಿದೆ, ಪೂರ್ವದ ಕತೆಯೇ ಹಳೆಯದು. ಆದರೆ ‘ಹುಚ್ಚು’ ಎನ್ನುವ ಮಟ್ಟಕ್ಕೆ ಹೋದದ್ದು ಹೇಗೆ ಎಂದು ಕೇಳಿದರೆ ಬ್ರಿಟಿಷ್ ಸಸ್ಯವಿಜ್ಞಾನಿ ಜೋಸೆಫ್ ಡಾಲ್ಟನ್ ಹೂಕರ್‌ನನ್ನು ಬಿಟ್ಟು ಹೇಳಲಾಗದು. 1848ರಿಂದ 1850ರವರೆಗೆ ಅವನು ಸಿಕ್ಕಿಂ ಸುತ್ತಮುತ್ತ ತಿರುಗಿದ. ಫಾಲ್ಕನೆರಿ, ಥಾಮ್ಸೋನಿ, ಗ್ರಿಫಿಥಿಯಾನಮ್, ಸಿನ್ನಬರಿನಮ್, ಹಾಡ್ಗ್‌ಸೋನಿ: ಇವತ್ತು ದೊಡ್ಡ ತೋಟಗಳಲ್ಲಿ ಕಾಣುವ ಎಷ್ಟೋ ಗಿಡಗಳ ಬೀಜ ಆ ಪ್ರಯಾಣದ್ದು. ಡಾಲ್‌ಹೌಸಿಯೇ ಎಂಬುದು ಇನ್ನೂ ವಿಚಿತ್ರ, ಅದು ಮರದ ಕೊಂಬೆಗಳ ಮೇಲೆ ಆರ್ಕಿಡ್‌ಗಳ ಜತೆ ಬೆಳೆಯುತ್ತದೆ. ಅವನು ಅಲ್ಲಿ ಬಿಡಿಸಿ ಕಳಿಸಿದ ಚಿತ್ರಗಳನ್ನು ಇಟ್ಟುಕೊಂಡು ವಾಲ್ಟರ್ ಹುಡ್ ಫಿಚ್ ಎಂಬ ಕಲಾವಿದ ಕಲ್ಲಚ್ಚಿನ ಚಿತ್ರಫಲಕಗಳನ್ನು ಮಾಡಿದ. 30 ಫಲಕಗಳ ಆ ಗ್ರಂಥದ ಮೊದಲ ಭಾಗ 1849ರಲ್ಲಿ ಹೊರಬಂದಾಗ ಹೂಕರ್ ಇನ್ನೂ ಬೆಟ್ಟದಲ್ಲೇ ಇದ್ದ. ಆ ಚಿತ್ರಗಳನ್ನು ಕಂಡ ಶ್ರೀಮಂತರಿಗೆ ತೋಟ ಎಂದರೆ ಏನೆಂಬ ಕಲ್ಪನೆಯೇ ಬದಲಾಯಿತು. ಸಾಲು ಪಾತಿ ಬಿಟ್ಟು, ಮರಗಳ ನೆರಳಿನಡಿ ಕಣಿವೆಯಂಥ ತೋಟ ಮಾಡತೊಡಗಿದರು. ಕಾರ್ನ್‌ವಾಲ್, ಪಶ್ಚಿಮ ಸ್ಕಾಟ್ಲೆಂಡ್‌ನಂಥ ತೇವದ, ಹಿತವಾದ ಚಳಿಯ ಸೀಮೆಗಳು ಇದಕ್ಕೆ ಹೇಳಿ ಮಾಡಿಸಿದಂತಿದ್ದವು.

ಅದೇ 1849ರ ನವೆಂಬರಿನಲ್ಲಿ ಹೂಕರ್ ಮತ್ತು ಡಾರ್ಜಿಲಿಂಗಿನ ಅಧಿಕಾರಿ ಆರ್ಚಿಬಾಲ್ಡ್ ಕ್ಯಾಂಪ್‌ಬೆಲ್ ಇಬ್ಬರನ್ನೂ ಸಿಕ್ಕಿಂನಲ್ಲಿ ಸೆರೆ ಹಿಡಿದರು. ಅದನ್ನೇ ನೆಪ ಮಾಡಿಕೊಂಡು ಬ್ರಿಟಿಷರು ಮರುವರ್ಷ ಸಿಕ್ಕಿಂನ ಒಂದಷ್ಟು ಭಾಗವನ್ನು ಕಿತ್ತುಕೊಂಡರು. ಹೂವಿನ ಚರಿತ್ರೆಯಲ್ಲಿ ಇದೂ ಇದೆ.

ಕಾಡುಹಾದಿ:

ಕೊನೆಯ ಸಾಲು ಬರೆದದ್ದಕ್ಕೆ ಧನ್ಯವಾದ. ನನಗೆ ಈ ಚರಿತ್ರೆ ಓದುವಾಗೆಲ್ಲ ಒಂದು ವಿಷಯ ಕಾಡುತ್ತದೆ. ‘ಹೂಕರ್ ಕಂಡುಹಿಡಿದ’, ‘ಫಾರೆಸ್ಟ್ ಕಂಡುಹಿಡಿದ’ ಎನ್ನುತ್ತೇವೆ. ಹೂಕರ್‌ಗಾಗಿ ಕಡಿದಾದ ಕಣಿವೆ ಇಳಿದು ಮರ ಹತ್ತಿದವರು ಲೆಪ್ಚಾ ಜನ. ಸ್ಕಾಟ್ಲೆಂಡಿನ ಸಸ್ಯಸಂಗ್ರಾಹಕ ಜಾರ್ಜ್ ಫಾರೆಸ್ಟ್ 1904ರಿಂದ 1932ರವರೆಗೆ ಚೀನಾದ ಯುನಾನ್ ಪ್ರಾಂತದಲ್ಲಿ 31,000ದಷ್ಟು ಒಣಸಸ್ಯ ಮಾದರಿಗಳನ್ನು ಸಂಗ್ರಹಿಸಿದ ಎಂದು ದಾಖಲೆ ಹೇಳುತ್ತದೆ. ಅದರಲ್ಲಿ ಬಹುಪಾಲು ತಂದವರು ನಾಶಿ ಜನಾಂಗದ ಹಳ್ಳಿಗರು. ಅವರ ಮುಖಂಡ ಝಾವೊ ಚೆಂಗ್‌ಝಾಂಗ್ ದಶಕಗಳ ಕಾಲ ಈ ಕೆಲಸ ಮಾಡಿದವನು. ಫಾರೆಸ್ಟ್ ಊರಲ್ಲಿ ಇಲ್ಲದಿದ್ದಾಗಲೂ ತಂಡ ಕಟ್ಟಿಕೊಂಡು ಬೆಟ್ಟ ಸುತ್ತುತ್ತಿದ್ದ. ಯಾವ ಇಳಿಜಾರಿನಲ್ಲಿ ಯಾವ ಗಿಡ, ಯಾವ ತಿಂಗಳಲ್ಲಿ ಬೀಜ ಬಲಿಯುತ್ತದೆ ಎಂಬ ಲೆಕ್ಕ ಅವನದು. ಎಷ್ಟು ಗಿಡಗಳಿಗೆ ಅವನ ಹೆಸರಿದೆ ಹೇಳಿ?

ಫಾರೆಸ್ಟನ ಧೈರ್ಯವನ್ನು ನಾನು ಕಡಿಮೆ ಮಾಡುತ್ತಿಲ್ಲ. 1905ರ ದಂಗೆಯಲ್ಲಿ ಅವನ ಜತೆಗಿದ್ದವರು ಹತರಾದರು, ಅವನು ಬೂಟು ಬಿಸುಟು ದಿನಗಟ್ಟಲೆ ಅಡಗಿ ಓಡಿ ಬದುಕಿದ, ಆ ವರ್ಷದ ಸಂಗ್ರಹವೆಲ್ಲ ಹೋಯಿತು. ಮತ್ತೆ ಅದೇ ಬೆಟ್ಟಕ್ಕೆ ಹೋದ, ಕೊನೆಗೆ 1932ರಲ್ಲಿ ಅಲ್ಲೇ ತೀರಿಕೊಂಡ. ಆದರೆ 1919ರಲ್ಲಿ ಅವನು ಕಂಡ ದೈತ್ಯ ರೋಡೊಡೆಂಡ್ರಾನ್ ಮರ ಸುಮಾರು 25 ಮೀಟರ್ ಎತ್ತರ, 280 ವರ್ಷ ವಯಸ್ಸಿನದು. ಕಾಂಡದ ಒಂದು ಬಿಲ್ಲೆಯನ್ನು ಲಂಡನ್ನಿಗೆ ಕಳಿಸಲು ಅದನ್ನು ಕಡಿದರು. ಅದನ್ನು ಓದಿ ನನಗೆ ನಿಜವಾಗಿ ನೋವಾಯಿತು.

ಎಲೆಬೆನ್ನು:

ಕಾಡುಹಾದಿಯವರ ಮಾತಿಗೆ ನನ್ನ ಪೂರ್ತಿ ಸಹಮತ. ಈಗ ಹೊಸಚಿಗುರು ಅವರ ಮೂಲ ಪ್ರಶ್ನೆಗೆ ಬರುತ್ತೇನೆ, ಅದಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ. ಮೂರು ವಾರದ ಹೂವಿಗೆ ಇಷ್ಟೆಲ್ಲ ಯಾಕೆ?

ಇದನ್ನು ಹೂವಿನ ಗಿಡವೆಂದು ನೋಡುವುದನ್ನು ಬಿಡಿ. ಒಂದು ಎಲೆಯನ್ನು ಮಗುಚಿ ಅದರ ಬೆನ್ನು ನೋಡಿ. ಫಾಲ್ಕನೆರಿಯ ಎಲೆಬೆನ್ನಿನಲ್ಲಿ ತುಕ್ಕಿನ ಬಣ್ಣದ ದಪ್ಪ ನಯವಾದ ರೋಮ. ಬ್ಯೂರೆವಿಯದ್ದು ಇನ್ನೂ ಕೆಂಪು, ಎಳೆಯ ಕಾಂಡಕ್ಕೂ ಅದೇ ಹೊದಿಕೆ. ಕ್ಯಾಂಪನುಲಾಟಮ್‌ನ ಕೆಲವು ಗಿಡಗಳ ಚಿಗುರು ಉಕ್ಕಿನ ನೀಲಿ. ಸಿನೊಗ್ರಾಂಡೆಯ ಎಲೆ ಮುಕ್ಕಾಲು ಮೀಟರ್ ಮೀರುವುದುಂಟು; ಅದರ ಚಿಗುರು ಬೆಳ್ಳಿ ಬಣ್ಣದಲ್ಲಿ ಮೇಲೆದ್ದಾಗ ಹೂವಿಗಿಂತ ಹೆಚ್ಚು ಹೊತ್ತು ನಿಂತು ನೋಡುತ್ತೇನೆ. ಇನ್ನು ಥಾಮ್ಸೋನಿ, ಬಾರ್ಬಾಟಮ್‌ಗಳ ತೊಗಟೆ: ಸಿಪ್ಪೆ ಸುಲಿದು ಒಳಗಿನ ನುಣುಪಾದ ಕೆಂಪುಕಂದು ಕಾಂಡ ಮಳೆಯಲ್ಲಿ ಹೊಳೆಯುತ್ತದೆ. ಇವೆಲ್ಲ ವರ್ಷಪೂರ್ತಿ ಇರುವಂಥವು.

ಆ ರೋಮವೂ ಅಲಂಕಾರಕ್ಕೆ ಬಂದದ್ದಲ್ಲ, ಎತ್ತರದ ಬೆಟ್ಟದ ಗಾಳಿ, ಬಿಸಿಲು, ಚಳಿಯಲ್ಲಿ ಎಲೆಯ ಉಸಿರುರಂಧ್ರಗಳಿಗೆ ಅದೇ ಮರೆ. ಮ್ಯಾಕ್ಸಿಮಮ್, ಕಟಾವ್ಬಿಯೆನ್ಸ್‌ಗಳದ್ದು ಬೇರೆಯೇ ಉಪಾಯ. ನೀರು ಹೆಪ್ಪುಗಟ್ಟುವ ಚಳಿಗೆ ಎಲೆಗಳು ಜೋಲುಬಿದ್ದು ಸುತ್ತಿಟ್ಟ ಚಾಪೆಯ ಹಾಗೆ ಸುರುಳಿಯಾಗುತ್ತವೆ. ಬಿಸಿಲೇರಿ ಕಾವು ಹೆಚ್ಚಿದರೆ ಮತ್ತೆ ಬಿಚ್ಚಿಕೊಳ್ಳುತ್ತವೆ. ಚಳಿಯಲ್ಲಿ ಎಲೆ ಬೆಳಕನ್ನು ಹೀರಿ ಬಳಸಲಾರದೆ ಹಾನಿಗೊಳ್ಳುವುದನ್ನು ಈ ಮಡಿಕೆ ತಗ್ಗಿಸುತ್ತದೆ ಎಂದು ಸಸ್ಯವಿಜ್ಞಾನಿಗಳು ಹೇಳುತ್ತಾರೆ. ತೋಟದಲ್ಲಿ ಅಂಥದೊಂದು ಗಿಡ ಇದ್ದವರಿಗೆ ಹೊರಗಿನ ಚಳಿ ಎಷ್ಟೆಂದು ಕಿಟಕಿಯಿಂದಲೇ ತಿಳಿಯುತ್ತದೆ.

ಹೂವಿನೊಳಗೂ ನೋಡಬೇಕಾದ್ದಿದೆ. ಇದರ ಪರಾಗಕೋಶ ಬದಿಗೆ ಸೀಳುವುದಿಲ್ಲ, ತುದಿಯಲ್ಲಿ ಎರಡು ತೂತು ಬಿಡುತ್ತದೆ. ಒಳಗಿನ ಪರಾಗ ಅಂಟಿನ ನೂಲಿನಲ್ಲಿ ಪೋಣಿಸಿಕೊಂಡು ಒಂದೇ ಎಳೆಯಾಗಿ ಹೊರಬಂದು ಹಕ್ಕಿಯ ಕೊಕ್ಕಿಗೋ ದುಂಬಿಯ ಮೈಗೋ ಅಂಟುತ್ತದೆ. ಒಂದು ಕಡ್ಡಿಯ ತುದಿಯಿಂದ ಮೆಲ್ಲನೆ ಎಳೆದು ನೋಡಿ, ನೂಲು ಬರುವುದು ಬರಿಗಣ್ಣಿಗೇ ಕಾಣುತ್ತದೆ.

ನನ್ನ ಮಟ್ಟಿಗೆ ಮೂಲ ಪ್ರಭೇದಗಳೇ ಸರಿ. ಸಂಕರ ತಳಿಗಾರರು ನೂರು ವರ್ಷ ಹೂವಿನ ಗೊಂಚಲನ್ನು ಮಾತ್ರ ನೋಡಿ ಎಲೆಯನ್ನು ಮರೆತರು.

ಬಣ್ಣದಬುಟ್ಟಿ:

ಎಲೆಬೆನ್ನು ಅವರೇ, ನಿಮ್ಮ ಎಲೆಯ ವರ್ಣನೆಗೆ ಮನಸೋತೆ. ಕೊನೆಯ ಸಾಲನ್ನು ಮಾತ್ರ ಒಪ್ಪಲಾರೆ.

ಸಿನೊಗ್ರಾಂಡೆ ಬೀಜದಿಂದ ಬೆಳೆಸಿದರೆ ಹೂ ಕಾಣಲು ಇಪ್ಪತ್ತು ವರ್ಷವೂ ಹಿಡಿಯಬಹುದು. ಗಾಳಿ ಬಿದ್ದರೆ ಎಲೆ ಹರಿಯುತ್ತದೆ. ಸಾಧಾರಣ ಜನರ ಅಂಗಳಕ್ಕೆ ಅದು ಒಗ್ಗುತ್ತದೆಯೇ? ರೋಡೊಡೆಂಡ್ರಾನನ್ನು ಎಲ್ಲರ ಮನೆಗೂ ತಂದವರು ಸಂಕರ ತಳಿಗಾರರು. ಇಂಗ್ಲೆಂಡಿನ ನರ್ಸರಿಯವನಾದ ಆಂಥನಿ ವಾಟರರ್ 1876ರ ಫಿಲಡೆಲ್ಫಿಯ ಶತಮಾನೋತ್ಸವ ಪ್ರದರ್ಶನದಲ್ಲಿ ತನ್ನ ಕಟಾವ್ಬಿಯೆನ್ಸ್ ಸಂಕರಗಳನ್ನು ಸಾಲಾಗಿ ನೆಟ್ಟು ತೋರಿಸಿದ ಮೇಲೆ ಅಮೆರಿಕದ ಕಡುಚಳಿಯ ಸೀಮೆಯವರು ಮೊದಲ ಬಾರಿಗೆ ಇದನ್ನು ಧೈರ್ಯವಾಗಿ ನೆಟ್ಟರು. ಅವಕ್ಕೆ ‘ಐರನ್‌ಕ್ಲ್ಯಾಡ್’ ಎಂದೇ ಹೆಸರು ಬಂತು. ಚಿಕ್ಕ ಎಲೆಯ ‘ಪಿಜೆಎಂ’ ತಳಿ ಎಂಥ ಚಳಿಯನ್ನೂ ತಡೆದು, ವಸಂತದ ಶುರುವಿಗೇ ಕಣ್ಣು ಕುಕ್ಕುವ ನೇರಳೆಗುಲಾಬಿ ಬಣ್ಣದಲ್ಲಿ ಅರಳುತ್ತದೆ.

ಮತ್ತೆ ಲೋಡರಿ! ಸರ್ ಎಡ್ಮಂಡ್ ಲೋಡರ್ 1901ರಲ್ಲಿ ಸಸೆಕ್ಸಿನ ಲಿಯೊನಾರ್ಡ್ಸ್‌ಲೀಯಲ್ಲಿ ಮಾಡಿದ ಸಂಕರ ಅದು. ಹೂಕರ್ ತಂದ ಗ್ರಿಫಿಥಿಯಾನಮ್ ಒಂದು ಕಡೆ. ರಾಬರ್ಟ್ ಫಾರ್ಚೂನ್ ಚೀನಾದಿಂದ ತಂದ ಫಾರ್ಚೂನಿಯೈ ಇನ್ನೊಂದು ಕಡೆ. ಮೊದಲನೆಯದಕ್ಕೆ ಹೂವಿನ ಗಾತ್ರವಿದೆ, ಚಳಿ ತಡೆಯುವ ಶಕ್ತಿ ಕಡಿಮೆ. ಎರಡನೆಯದಕ್ಕೆ ಗಟ್ಟಿತನವೂ ಪರಿಮಳವೂ ಇದೆ. ಮಗುವಿಗೆ ಎರಡೂ ಬಂದವು. ಅಂಗೈಯಗಲದ ಬಿಳಿ ಹೂವು, ದೂರದಿಂದಲೇ ಬರುವ ಕಂಪು. ಇದನ್ನು ನೋಡಿದವರು ಸಂಕರ ಎಂದರೆ ಕೀಳು ಎನ್ನಲಾರರು. ಕಾಡಿನಲ್ಲಿ ಸಾವಿರಾರು ಮೈಲಿ ದೂರವಿದ್ದ ಎರಡು ಗಿಡಗಳು ಒಂದಾಗಬಹುದಾಗಿದ್ದದ್ದು ತೋಟದಲ್ಲಿ ಮಾತ್ರ.

ಒಂದು ತಾಂತ್ರಿಕ ಮಾತು, ಸಂಕರ ಮಾಡಬೇಕೆನ್ನುವವರಿಗೆ: ಎಲೆಬೆನ್ನಿನಲ್ಲಿ ಸಣ್ಣ ಹುರುಪೆಗಳಿರುವ ಗುಂಪು ಬೇರೆ, ಹುರುಪೆ ಇಲ್ಲದ ಗುಂಪು ಬೇರೆ. ಈ ಎರಡರ ನಡುವೆ ಸಂಕರ ಕೂಡುವುದು ಬಲು ಅಪರೂಪ. ಲೆನ್ಸ್ ಹಿಡಿದು ಮೊದಲು ಎಲೆಬೆನ್ನು ನೋಡಿ. ಅಷ್ಟರ ಮಟ್ಟಿಗೆ ನಾನೂ ಎಲೆಯ ಪಕ್ಷ.

ಹೊಸಚಿಗುರು:

ಎಲ್ಲರಿಗೂ ಮನಸಾರೆ ನಮಸ್ಕಾರ. ಇಷ್ಟು ಸಿಗುತ್ತದೆಂದು ಎಣಿಸಿರಲಿಲ್ಲ. ಈಗ ನೆಲಕ್ಕೆ ಇಳಿಯೋಣ. ಇದರ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದು ಗಿಡ ಸೊರಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಸುಣ್ಣದ ಮಣ್ಣಿನಲ್ಲಿ ಬದುಕುವುದೇ ಇಲ್ಲವೇ?

ಮಣ್ಣುಹುಳು:

ನಾನು ಕಾಯುತ್ತಿದ್ದದ್ದು ಈ ಪ್ರಶ್ನೆಗೇ. ಮೇಲಿನವರು ಹೇಳಿದ ಬೆಟ್ಟಗಳೆಲ್ಲ ಹೇಗಿರುತ್ತವೆ? ಮಂಜು, ಎಡೆಬಿಡದ ತೇವ, ಆದರೆ ಇಳಿಜಾರು, ನೀರು ನಿಲ್ಲುವುದಿಲ್ಲ. ನೆಲದ ಮೇಲೆ ಕೊಳೆತ ಎಲೆ, ಪಾಚಿ, ಹುಳಿ ಮಣ್ಣು. ಹೂವನ್ನು ತಂದವರು ಬೀಜ ತಂದರು, ಆ ಮಣ್ಣನ್ನು ತರಲಾಗಲಿಲ್ಲ. ಅದನ್ನು ನಾವೇ ಮಾಡಬೇಕು. ಗಿಡ ಕೊಳ್ಳುವ ಮೊದಲು ಮಣ್ಣಿನ ರಸಸಾರ (ಪಿಎಚ್) ಪರೀಕ್ಷೆ ಮಾಡಿಸಿ. 4.5ರಿಂದ 6ರೊಳಗೆ ಇದ್ದರೆ ನಿಮ್ಮ ಅದೃಷ್ಟ. 7ಕ್ಕೆ ಹತ್ತಿರವಾದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ನೀವು ಹೇಳಿದ ಹಳದಿ ಎಲೆ ಅದರ ಗುರುತು. ಕಬ್ಬಿಣದ ಚೀಲೇಟ್, ಅಂದರೆ ಗಿಡಕ್ಕೆ ದಕ್ಕುವ ರೂಪದ ಕಬ್ಬಿಣ, ಸಿಂಪಡಿಸಿದರೆ ತಾತ್ಕಾಲಿಕವಾಗಿ ಹಸಿರು ಬರುತ್ತದೆ, ಕಾರಣ ಮಾತ್ರ ಹಾಗೇ ಉಳಿಯುತ್ತದೆ. ಗಂಧಕದ ಪುಡಿ ನಿಧಾನವಾಗಿ ರಸಸಾರ ಇಳಿಸುತ್ತದೆ. ಆದರೆ ತಳದಲ್ಲೇ ಸುಣ್ಣಕಲ್ಲು ಇರುವ ನೆಲದಲ್ಲಿ ಅದರ ಜತೆ ಹೋರಾಡಬೇಡಿ. ಎತ್ತರದ ಪಾತಿ ಕಟ್ಟಿ, ಇಲ್ಲವೇ ದೊಡ್ಡ ಕುಂಡದಲ್ಲಿ ಬೆಳೆಸಿ. ಗಡುಸು ನೀರು ಹಾಕಿದರೆ ಮಾಡಿದ್ದೆಲ್ಲ ಹಾಳು, ಮಳೆನೀರು ಹಿಡಿದಿಡಿ.

ಬೇರು ನೋಡಿದ್ದೀರಾ? ಕೂದಲಿನಷ್ಟು ತೆಳು, ನೆಲದ ಮೇಲುಪದರದಲ್ಲೇ ಚಾಚಿಕೊಂಡಿರುತ್ತದೆ. ಅದರ ಜೀವಕೋಶದೊಳಗೆ ಒಂದು ಬಗೆಯ ಶಿಲೀಂಧ್ರ ವಾಸವಿದ್ದು, ಹುಳಿ ಮಣ್ಣಿನ ಕೊಳೆತ ಪದಾರ್ಥದಿಂದ ಸಾರಜನಕ ಬಿಡಿಸಿ ಗಿಡಕ್ಕೆ ಕೊಡುತ್ತದೆ. ಬಡ ಮಣ್ಣಿನಲ್ಲಿ ಈ ಕುಟುಂಬದ ಗಿಡಗಳು ಬದುಕುವ ಗುಟ್ಟು ಅದೇ. ಹಾಗಾಗಿ ಬುಡದಲ್ಲಿ ಕೆದಕಬೇಡಿ, ಗುದ್ದಲಿ ಹಾಕಬೇಡಿ, ರಾಸಾಯನಿಕ ಗೊಬ್ಬರ ಕೈತುಂಬ ಸುರಿಯಬೇಡಿ. ದರಗು, ಪೈನ್ ತೊಗಟೆಯ ಚೂರು ದಪ್ಪಗೆ ಹೊದಿಸಿ, ಕಾಂಡಕ್ಕೆ ತಾಗದಂತೆ.

ಇದನ್ನು ಕೊಲ್ಲುವ ಇನ್ನೆರಡು ದಾರಿ: ಆಳವಾಗಿ ನೆಡುವುದು, ನೀರು ನಿಲ್ಲಿಸುವುದು. ನೀರು ನಿಂತು ನೆಲ ಬಿಸಿಯಾದರೆ ಫೈಟಾಫ್ತೊರಾ ಎಂಬ ರೋಗಾಣುವಿನಿಂದ ಬೇರುಕೊಳೆ ಬರುತ್ತದೆ. ಗಿಡ ಬಾಡುತ್ತದೆ, ನೀರು ಸಾಲದೆಂದು ನಾವು ಇನ್ನಷ್ಟು ಹಾಕುತ್ತೇವೆ, ಅಲ್ಲಿಗೆ ಮುಗಿಯಿತು.

ಹಳೆಹೊತ್ತಿಗೆ:

ಮಣ್ಣುಹುಳು ಅವರ ಮಾತಿಗೆ ಒಂದು ಅಡಿಮಾತು. ತೋಟಕ್ಕೆ ಮೊದಲು ಬಂದ ಹಿರ್ಸುಟಮ್ ಆಲ್ಪ್ಸ್‌ನ ಸುಣ್ಣಕಲ್ಲಿನ ಮೇಲೆಯೇ ಬೆಳೆಯುವ ಗಿಡ. ಅದೇ ಬೆಟ್ಟಗಳ ಹುಳಿ ನೆಲದಲ್ಲಿ ಅದರ ಸೋದರ ಫೆರುಜಿನಿಯಮ್ ಬೆಳೆಯುತ್ತದೆ. ಅಂದರೆ ಈ ಕುಲಕ್ಕೆಲ್ಲ ಒಂದೇ ನಿಯಮ ಎಂದುಕೊಳ್ಳಬಾರದು.

ಮಣ್ಣುಹುಳು:

ನಿಜ. ಜರ್ಮನಿಯಲ್ಲಿ ‘ಇಂಕಾರೋ’ ಎಂಬ ಬೇರುಸಸಿ ತಯಾರಾದದ್ದೂ ಈ ದಾರಿಯಲ್ಲೇ. ಸ್ವಲ್ಪ ಸುಣ್ಣ ಸಹಿಸುವ ಬೇರಿನ ಮೇಲೆ ಬೇಕಾದ ತಳಿಯನ್ನು ಕಸಿ ಕಟ್ಟುತ್ತಾರೆ. ಆದರೂ ಅದಕ್ಕೂ ತೇವ, ದರಗು, ಗಾಳಿಯಾಡುವ ಮಣ್ಣು ಬೇಕೇ ಬೇಕು.

ಕಾಡುಹಾದಿ:

ಬೇರುಸಸಿ ಎಂದಿರಿ, ಪಾಂಟಿಕಮ್ ಬಗ್ಗೆ ಹೇಳದೆ ಮುಂದೆ ಹೋಗಬಾರದು. 19ನೇ ಶತಮಾನದಲ್ಲಿ ಚೆಂದದ ತಳಿಗಳನ್ನು ಪಾಂಟಿಕಮ್ ಬೇರಿನ ಮೇಲೆ ಕಸಿ ಕಟ್ಟಿ ಮಾರುತ್ತಿದ್ದರು. ಬುಡದಿಂದ ಬೇರುಸಸಿಯ ಚಿಗುರು ಎದ್ದು, ಮೇಲಿನ ತಳಿಯನ್ನು ನುಂಗಿ, ಕೊನೆಗೆ ನೇರಳೆ ಪಾಂಟಿಕಮ್ ಒಂದೇ ಉಳಿಯುತ್ತಿತ್ತು. ಇದರ ಜತೆಗೆ ಬೇಟೆಯ ಹಕ್ಕಿಗಳಿಗೆ ಮರೆಯಾಗಲಿ ಎಂದು ಎಸ್ಟೇಟುಗಳಲ್ಲಿ ಎಕರೆಗಟ್ಟಲೆ ನೆಟ್ಟರು. ದೊಡ್ಡ ಪೊದೆಯೊಂದು ವರ್ಷಕ್ಕೆ ಹತ್ತು ಲಕ್ಷಕ್ಕೂ ಮೀರಿ ಬೀಜ ಉದುರಿಸಬಲ್ಲದು. ಇವತ್ತು ವೇಲ್ಸಿನ ಸ್ನೋಡೋನಿಯ, ಐರ್ಲೆಂಡಿನ ಕಿಲಾರ್ನಿ ಓಕ್ ಕಾಡುಗಳಲ್ಲಿ ಅದರ ಕೆಳಗೆ ಪಾಚಿ, ಹುಲ್ಲು, ಓಕ್ ಸಸಿ ಏನೂ ಹುಟ್ಟುವುದಿಲ್ಲ, ಅಷ್ಟು ಕತ್ತಲೆ. ಓಕ್, ಲಾರ್ಚ್ ಮರಗಳನ್ನು ಕೊಲ್ಲುವ ಫೈಟಾಫ್ತೊರಾ ರಮೋರಮ್ ರೋಗಾಣು ಬೆಳೆದು ಹರಡಲು ಅದೇ ಪೊದೆ ಆಶ್ರಯ.

ಬ್ರಿಟನ್ನಿನ ಈ ಕಾಡು ಪಾಂಟಿಕಮ್‌ಗಳ ಡಿಎನ್‌ಎಯನ್ನು 2000ದಲ್ಲಿ ಪರೀಕ್ಷಿಸಿದಾಗ ಬಹುಪಾಲು ಸ್ಪೇನಿನ ಮೂಲದವೆಂದೂ, ಕೆಲವದರಲ್ಲಿ ಕಟಾವ್ಬಿಯೆನ್ಸ್ ವಂಶವಾಹಿ ಬೆರೆತಿದೆಯೆಂದೂ ಗೊತ್ತಾಯಿತು. ಸಂಕರದಲ್ಲಿ ಗಟ್ಟಿತನ ದಾಟಿಸಿದ್ದೇವೆ ಎಂದು ತೋಟದವರು ಹೆಮ್ಮೆಪಟ್ಟರಲ್ಲ, ಅದು ಬೇಲಿ ದಾಟಿಯೂ ಹೋಯಿತು. ಇನ್ನೊಂದು ಸೋಜಿಗವೆಂದರೆ ಹಿಮಯುಗಗಳ ನಡುವಿನ ಒಂದು ಬೆಚ್ಚಗಿನ ಕಾಲದಲ್ಲಿ ಈ ಗಿಡ ಐರ್ಲೆಂಡಿನಲ್ಲಿ ಸಹಜವಾಗಿಯೇ ಇತ್ತು, ಅದರ ಪಳೆಯುಳಿಕೆ ಸಿಕ್ಕಿದೆ. ಆದರೆ ಅಂದಿನ ಕಾಡು ಇಂದಿಲ್ಲ, ಆ ವಾದ ಹಿಡಿದು ಈಗಿನ ಹಾನಿಯನ್ನು ಸಮರ್ಥಿಸಲಾಗದು. ಎಲ್ಲಿ ಅದು ಹಬ್ಬುತ್ತದೋ ಅಲ್ಲಿ ಅದನ್ನು ನೆಡಬೇಡಿ. ಗಿಡದ ಮೇಲಿನ ಪ್ರೀತಿ ಬೇಲಿಯ ಆಚೆಯದನ್ನೂ ನೋಡಬೇಕು.

ಹೊಸಚಿಗುರು:

ಮನಸ್ಸು ಭಾರವಾಯಿತು, ಆದರೆ ತಿಳಿದಿರಬೇಕಾದ್ದು. ಇದು ವಿಷದ ಗಿಡ ಎಂಬುದೂ ನಿಜವೇ? ಮನೆಯಲ್ಲಿ ಮಕ್ಕಳು, ನಾಯಿ ಇದ್ದರೆ?

ಹಳೆಹೊತ್ತಿಗೆ:

ನಿಜ. ಎಲೆ, ಹೂವು, ಮಕರಂದದಲ್ಲಿ ಗ್ರೇಯನೊಟಾಕ್ಸಿನ್ ಎಂಬ ವಿಷ ಇರುತ್ತದೆ. ಪ್ರಮಾಣ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ನರಕೋಶಗಳ ಸೋಡಿಯಂ ದ್ವಾರಗಳನ್ನು ಅದು ಮುಚ್ಚಗೊಡುವುದಿಲ್ಲ. ಕ್ರಿ.ಪೂ. 401ರಲ್ಲಿ ಕಪ್ಪುಸಮುದ್ರದ ತೀರದಲ್ಲಿ ಗ್ರೀಕ್ ಸೈನಿಕರು ಜೇನು ತಿಂದು, ವಾಂತಿ ಭೇದಿಯಾಗಿ, ನಿಲ್ಲಲಾಗದೆ ಬಿದ್ದುಬಿಟ್ಟರೆಂದು ಗ್ರೀಕ್ ಲೇಖಕ ಸೆನೊಫೋನ್ ಬರೆದಿದ್ದಾನೆ. ಯಾರೂ ಸಾಯಲಿಲ್ಲ, ಮೂರು ನಾಲ್ಕು ದಿನದಲ್ಲಿ ಎದ್ದರು. ಆ ಜೇನು ಪಾಂಟಿಕಮ್ ಮತ್ತು ಹಳದಿ ಅಜೇಲಿಯದ್ದು. ಕುರಿ, ಆಡು ಸೊಪ್ಪು ಮೇಯ್ದು ಸಾಯುವುದುಂಟು. ನಾಯಿ ಎಲೆ ಅಗಿಯದಂತೆ ನೋಡಿಕೊಳ್ಳಿ, ಕತ್ತರಿಸಿದ ಸೊಪ್ಪನ್ನು ದನಕರು ಓಡಾಡುವಲ್ಲಿ ಹಾಕಬೇಡಿ. ಮುಟ್ಟಿದರೆ, ಮೂಸಿದರೆ ಏನೂ ಆಗುವುದಿಲ್ಲ.

ಎಲೆಬೆನ್ನು:

ಬಣ್ಣದಬುಟ್ಟಿಯವರೇ, ಲೋಡರಿಯ ಮಟ್ಟಿಗೆ ನಿಮ್ಮ ಮಾತು ಒಪ್ಪಿದೆ. ಆದರೂ ಮೂಲ ಪ್ರಭೇದಗಳ ಪರವಾಗಿ ನನ್ನದೊಂದು ಬಲವಾದ ಕಾರಣ ಉಳಿದಿದೆ. ಈ ಕುಲದಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. 2011ರಲ್ಲಿ ಪ್ರಕಟವಾದ ಕೆಂಪುಪಟ್ಟಿಯ (ಅಳಿವಿನ ಅಪಾಯ ಅಳೆಯುವ ಪಟ್ಟಿ) ಪ್ರಕಾರ ಸುಮಾರು ಕಾಲುಭಾಗ ಅಪಾಯದಲ್ಲಿದೆ. ತೈವಾನಿನ ಕನೆಹಿರೇ ಎಂಬ ಗಿಡ ಒಂದೇ ನದಿಯ ದಡದಲ್ಲಿತ್ತು. 1980ರ ದಶಕದಲ್ಲಿ ಫೈತ್ಸುಯಿ ಅಣೆಕಟ್ಟೆಯ ನೀರು ಅದರ ನೆಲೆಯನ್ನು ಮುಳುಗಿಸಿತು. ಇವತ್ತು ಅದು ಬದುಕಿರುವುದು ಯಾರೋ ಮೊದಲೇ ತಂದು ಬೆಳೆಸಿಟ್ಟಿದ್ದರಿಂದ.

ಆದ್ದರಿಂದಲೇ ಗಿಡದ ಹೆಸರುಪಟ್ಟಿ ಬಗ್ಗೆ ನಾನು ಅಷ್ಟು ಒತ್ತಿ ಹೇಳುವುದು. ಫಾರೆಸ್ಟನ ಸಂಗ್ರಹದ ಬೀಜದಿಂದ ಬಂದ ಗಿಡಗಳ ಮೇಲೆ ಅವನ ಸಂಗ್ರಹ ಸಂಖ್ಯೆಯನ್ನು ಹಳೇ ತೋಟಗಳು ಇವತ್ತಿಗೂ ಉಳಿಸಿಕೊಂಡಿವೆ. ಆ ಸಂಖ್ಯೆ ಹಿಡಿದು ಯಾವ ಬೆಟ್ಟ, ಎಷ್ಟು ಎತ್ತರ, ಯಾವ ವರ್ಷ ಎಂದು ಹುಡುಕಬಹುದು. ತೋಟದಲ್ಲಿ ತಾನಾಗಿ ಕಟ್ಟಿದ ಬೀಜ ಬಿತ್ತಿದರೆ ಪಕ್ಕದ ಗಿಡದ ಪರಾಗ ಬೆರೆತಿರುತ್ತದೆ, ಅದು ಆ ಪ್ರಭೇದ ಎನ್ನಲಾಗುವುದಿಲ್ಲ. ಶುದ್ಧವಾಗಿ ಉಳಿಸಲು ಕಡ್ಡಿ, ನೆಲಕ್ಕೆ ಬಗ್ಗಿಸಿ ಬೇರು ಬರಿಸಿದ ರೆಂಬೆ, ಕಸಿ, ಇಲ್ಲವೇ ಕೈಯಿಂದ ಪರಾಗ ಮುಟ್ಟಿಸಿ ಚೀಲ ಕಟ್ಟಿದ ಹೂವಿನ ಬೀಜವೇ ಬೇಕು.

ಬಣ್ಣದಬುಟ್ಟಿ:

ಈ ಮಾತಿಗೆ ಎದುರಾಡಲಾರೆ. ನನ್ನ ತೋಟದಲ್ಲೂ ಎರಡಕ್ಕೂ ಜಾಗವಿದೆ.

ಬೆಚ್ಚಗಿನ ಸೀಮೆಯಲ್ಲಿ ಇರುವವರಿಗೆ ಒಂದು ಮಾತು ಸೇರಿಸುತ್ತೇನೆ. ಈ ಕುಲದ ಮೂರನೇ ಒಂದು ಭಾಗದಷ್ಟು ವೈರೇಯ ಗುಂಪಿನವು. ನ್ಯೂಗಿನಿ, ಬೋರ್ನಿಯೊ, ಜಾವಾ, ಸುಮಾತ್ರಗಳ ಬೆಟ್ಟಗಳವು. ಹಿಮ ಬಿದ್ದರೆ ಸಾಯುತ್ತವೆ. ಕಿತ್ತಳೆ, ಹಳದಿ, ಹವಳದ ಬಣ್ಣ, ವರ್ಷದಲ್ಲಿ ಯಾವಾಗ ಬೇಕಾದರೂ ಅರಳುತ್ತವೆ. ತೊಗಟೆ ಚೂರು ತುಂಬಿದ ಕುಂಡದಲ್ಲಿ ಆರ್ಕಿಡ್ ಬೆಳೆಸುವ ಕ್ರಮದಲ್ಲೇ ಬೆಳೆಸಬಹುದು. ಆದರೆ ರಾತ್ರಿ ತಂಪಿರಲೇಬೇಕು, ಸಮುದ್ರಮಟ್ಟದ ಸೆಕೆ ಅವಕ್ಕೆ ಆಗದು.

ಹೊಸಚಿಗುರು:

ಮಣ್ಣು ಪರೀಕ್ಷೆ ಮಾಡಿಸಿದೆ, 5.5 ಬಂದಿದೆ. ಜಾಗ ಚಿಕ್ಕದು. ಎಲೆಯೂ ಬೇಕು, ಹೂವೂ ಬೇಕು. ಒಂದೇ ಗಿಡ ಹೇಳಿ.

ಎಲೆಬೆನ್ನು:

ಯಾಕುಶಿಮಾನಮ್. ಅನುಮಾನವೇ ಬೇಡ. ಜಪಾನಿನ ಯಾಕುಶಿಮಾ ದ್ವೀಪದ ಬೆಟ್ಟದ ತುದಿಯ ಗಿಡ, ಗಾಳಿಗೂ ವಿಪರೀತ ಮಳೆಗೂ ಒಗ್ಗಿಕೊಂಡು ದಟ್ಟವಾಗಿ, ಗುಂಡಗೆ ಬೆಳೆಯುತ್ತದೆ. ಮೊಗ್ಗು ಗುಲಾಬಿ, ಅರಳಿದಾಗ ತಿಳಿಗುಲಾಬಿ, ಕೊನೆಗೆ ಅಚ್ಚ ಬಿಳಿ. 1934ರಲ್ಲಿ ಕೊಯಿಚಿರೊ ವಾಡಾ ಎಂಬ ನರ್ಸರಿಯವರು ಇಂಗ್ಲೆಂಡಿನ ಎಕ್ಸ್‌ಬರಿ ತೋಟದ ಲಿಯೊನೆಲ್ ಡಿ ರಾಥ್‌ಚೈಲ್ಡ್‌ಗೆ ಎರಡು ಗಿಡ ಕಳಿಸಿದರು. ರಾಥ್‌ಚೈಲ್ಡ್ ಸಾವಿರಕ್ಕೂ ಹೆಚ್ಚು ಸಂಕರಗಳನ್ನು ಮಾಡಿದ ಮನುಷ್ಯ. ಆ ಎರಡರಲ್ಲಿ ಒಂದು ವಿಸ್ಲಿ ತೋಟಕ್ಕೆ ಹೋಗಿ, 1947ರ ಲಂಡನ್ನಿನ ಚೆಲ್ಸಿ ಹೂವಿನ ಪ್ರದರ್ಶನದಲ್ಲಿ ಪ್ರಥಮ ದರ್ಜೆಯ ಪ್ರಶಸ್ತಿಪತ್ರ ಪಡೆಯಿತು. ಆಮೇಲೆ ಚಿಕ್ಕ ತೋಟಗಳಿಗಾಗಿ ಬಂದ ಗಿಡ್ಡ ತಳಿಗಳಲ್ಲಿ ಬಹಳಷ್ಟು ಇದರ ಮಕ್ಕಳು. ‘ಕೊಯಿಚಿರೊ ವಾಡಾ’ ಎಂಬ ಹೆಸರಿನಲ್ಲೇ ಆ ಗಿಡ ಸಿಗುತ್ತದೆ.

ಮಣ್ಣುಹುಳು:

ಒಳ್ಳೆಯ ಆಯ್ಕೆ. ಗುಂಡಿ ಅಗಲವಾಗಿರಲಿ, ಆಳ ಬೇಡ. ಕುಂಡದಿಂದ ತೆಗೆದ ಬೇರಿನ ಉಂಡೆಯ ತಲೆ ನೆಲಕ್ಕಿಂತ ಒಂದೆರಡು ಬೆರಳು ಮೇಲೇ ನಿಲ್ಲಲಿ. ಉಂಡೆ ಪೀಟ್‌ನಲ್ಲಿದ್ದು (ಜೌಗುನೆಲದ ಕೊಳೆತ ಪಾಚಿಯ ಪುಡಿ) ಒಣಗಿದ್ದರೆ ನೀರು ಹಾಕಿದರೂ ಒಳಗೆ ಇಳಿಯುವುದಿಲ್ಲ. ನೆಡುವ ಮೊದಲು ಬಕೆಟ್ಟಿನಲ್ಲಿ ಮುಳುಗಿಸಿ ಗುಳ್ಳೆ ನಿಲ್ಲುವವರೆಗೆ ಬಿಡಿ. ಅಂಚಿನ ಬೇರುಗಳನ್ನು ಬೆರಳಿನಿಂದ ಬಿಡಿಸಿ. ಹೂ ಬಾಡಿದ ಮೇಲೆ ಗೊಂಚಲನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಬಾಗಿಸಿ ಮುರಿಯಿರಿ. ಅದರ ಕೆಳಗೇ ಹೊಸ ಚಿಗುರಿನ ಕಣ್ಣುಗಳಿರುತ್ತವೆ, ಅವಕ್ಕೆ ಪೆಟ್ಟಾಗಬಾರದು. ಮುಂದಿನ ವರ್ಷದ ಹೂಮೊಗ್ಗು ಈ ವರ್ಷದ ಬೇಸಿಗೆಯಲ್ಲೇ ಕಟ್ಟುತ್ತದೆ, ಆಗ ನೀರು ತಪ್ಪಿಸಬೇಡಿ.

ಹೊಸಚಿಗುರು:

ಬರೆದಿಟ್ಟುಕೊಂಡೆ. ಕೊನೆಯದೊಂದು. ಯಾಕುಶಿಮಾನಮ್ ಹೊಸ ಎಲೆಯ ಮೇಲೆ ಬಿಳಿ ಪುಡಿಯಂಥದ್ದು ಇರುತ್ತದಂತೆ. ಅದು ರೋಗವೇ? ಒರೆಸಬೇಕೇ?

ಎಲೆಬೆನ್ನು:

ಖಂಡಿತ ಒರೆಸಬೇಡಿ! ಅದೇ ಅದರ ಸೊಬಗು. ಚಿಗುರೆಲೆಯ ಎರಡೂ ಬದಿಗೆ ಬಿಳಿ ರೋಮ ಇರುತ್ತದೆ. ಮೇಲ್ಬದಿಯದು ಬೇಸಿಗೆ ಕಳೆಯುವಷ್ಟರಲ್ಲಿ ತಾನಾಗಿ ಸವೆದು ಕಡುಹಸಿರು ಹೊಳಪು ಕಾಣಿಸುತ್ತದೆ. ಕೆಳಬದಿಯದು ನಿಧಾನವಾಗಿ ಕೆನೆಬಣ್ಣಕ್ಕೆ, ಆಮೇಲೆ ತಿಳಿಕಂದಿಗೆ ತಿರುಗಿ ಎಲೆ ಉದುರುವವರೆಗೂ ಉಳಿಯುತ್ತದೆ. ಕೊಳ್ಳುವಾಗ ಎಲೆ ಮಗುಚಿ ನೋಡಿ. ಬೆನ್ನಿನ ರೋಮ ತೆಳುವಾಗಿದ್ದರೆ ಅದು ಬಹುಶಃ ಸಂಕರ ಸಸಿ, ಬೇರೆ ಗಿಡ ಕೇಳಿ.